‘ಹತ್ತಿರ’ ಅಂದರೆ ಎಷ್ಟು ಕಿಲೋಮೀಟರ್? ಪಾವಗಡದ ಒಬ್ಬ ತಾಯಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು
ಹಾಗೂ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ತುಮಕೂರು ಜಿಲ್ಲೆ.

ವಿಷಯ: ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳಿಗೆ ತಾಲ್ಲೂಕಿನಲ್ಲೇ ಥೆರಪಿ ಮತ್ತು ಶಾಲೆಯಲ್ಲಿ ಬೇಕಾದ ಅನುಕೂಲ ಕೇಳಿ.

ಮಾನ್ಯರೇ,

ನಾನು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ನನ್ನ ಮಗನಿಗೆ 8 ವರ್ಷ. ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿಗೆ ಪೆಟ್ಟಾಗಿ ಕೈಕಾಲು ಸರಿಯಾಗಿ ಹಿಡಿತಕ್ಕೆ ಬಾರದ ತೊಂದರೆ. ಎರಡೂ ಕಾಲು ಬಿಗಿ, ತುದಿಗಾಲಿನಲ್ಲಿ ನಡೆಯುತ್ತಾನೆ. ಮಾತು ತಡವಾಗಿ ಬಂತು, ಈಗಲೂ ಹೊಸಬರಿಗೆ ಅರ್ಧ ಅರ್ಥವಾಗುತ್ತದೆ. ಬುದ್ಧಿ ಚುರುಕು. ಮಗ್ಗಿ ನನಗಿಂತ ಬೇಗ ಹೇಳುತ್ತಾನೆ.

ಮಂಗಳವಾರ ಬಂದರೆ ನಮ್ಮ ದಿನ ಬೆಳಗಿನ ಜಾವ ನಾಲ್ಕಕ್ಕೇ ಶುರು. ಹಳ್ಳಿಯಿಂದ ಪಾವಗಡಕ್ಕೆ 16 ಕಿಲೋಮೀಟರ್. ಅಲ್ಲಿಂದ ಮಧುಗಿರಿ ಮೇಲೆ ತುಮಕೂರಿಗೆ ಸುಮಾರು 100. ಅಲ್ಲಿ 40 ನಿಮಿಷ ಥೆರಪಿ. ಮತ್ತೆ ಅದೇ ದಾರಿ ವಾಪಸ್. ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಇಲ್ಲ, ಮಗನಿಗೆ ಅಂಗವಿಕಲರ ಪಾಸ್ ಇದೆ. ಆ ಉಪಕಾರ ಮರೆಯುವುದಿಲ್ಲ. ಆದರೆ ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ದೂರ ಕಡಿಮೆಯಾಗಲ್ಲ ಅಲ್ವಾ? ಅವನೀಗ 19 ಕೆಜಿ. ಸೊಂಟದ ಮೇಲೆ ಕೂರಿಸಿಕೊಂಡು ಬಸ್ ಹತ್ತುವುದು ಮೊದಲಿನ ಹಾಗಲ್ಲ. ಇನ್ನೂ ಒಂದು ವಿಚಿತ್ರ ಹೇಳಲೇಬೇಕು. ಅಲ್ಲಿ ಫಿಸಿಯೋ ಮೇಡಂ ನಿಧಾನವಾಗಿ ಎಳೆದು ಎಳೆದು ಸಡಿಲ ಮಾಡಿದ ಕಾಲುಗಳನ್ನು ಬಸ್ಸಿನ ಸೀಟಿನಲ್ಲಿ ಮಡಚಿಕೊಂಡು ಮೂರೂವರೆ ಗಂಟೆ ಕೂತು ಬರುತ್ತಾನೆ. ಇಳಿಯುವಾಗ ಕಾಲು ಮತ್ತೆ ಸೌದೆ ಥರ ಬಿಗಿದಿರುತ್ತದೆ.

ಈ ಪತ್ರದಲ್ಲಿ ನಾನು ಯಾವ ಆಸ್ಪತ್ರೆಯ, ಶಾಲೆಯ, ವ್ಯಕ್ತಿಯ ಹೆಸರನ್ನೂ ಬರೆದಿಲ್ಲ. ಯಾರ ಮೇಲೂ ಕ್ರಮ ಆಗಬೇಕೆಂಬ ಆಸೆ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವನು 2017ರಲ್ಲಿ ಏಳು ತಿಂಗಳಿಗೇ ಹುಟ್ಟಿದ. ತಕ್ಷಣ ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು, ಬದುಕಿದ. ಡಿಸ್ಚಾರ್ಜ್ ದಿನ ಹಾಲು ಹೇಗೆ ಕುಡಿಸಬೇಕು, ಹೇಗೆ ಬೆಚ್ಚಗಿಡಬೇಕು ಎಂದೆಲ್ಲ ಹೇಳಿಕೊಟ್ಟರು. ದಿನ ತುಂಬದೆ ಹುಟ್ಟಿದ ಮಗುವಿನ ಕಾಲಿನ ಬಿಗಿತ, ಕತ್ತು ನಿಲ್ಲುವುದು, ಕೂರುವುದು ಇದನ್ನೆಲ್ಲ ಗಮನಿಸುತ್ತಿರಬೇಕು ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ನನ್ನ ತಾಯಿ ಕಾರ್ಡ್ ಇನ್ನೂ ಇಟ್ಟಿದ್ದೇನೆ. ಲಸಿಕೆಯ ಪುಟ ಪೂರ್ತಿ ತುಂಬಿದೆ, ತೂಕದ ಗೆರೆಯೂ ಇದೆ. ಯಾವ ತಿಂಗಳಿಗೆ ಮಗು ಏನೇನು ಮಾಡಬೇಕು ಅಂತ ಚಿತ್ರ ಹಾಕಿರುವ ಪುಟ ಮಾತ್ರ ಹೊಸದಾಗೇ ಉಳಿದಿದೆ. ಒಂದು ಟಿಕ್ ಕೂಡ ಇಲ್ಲ.

ಹತ್ತು ತಿಂಗಳಾದರೂ ಕೂರಲಿಲ್ಲ. ‘ಗಂಡು ಮಕ್ಕಳು ಲೇಟು’ ಅಂದರು. ವರ್ಷ ಒಂದೂವರೆಯಾದರೂ ನಿಲ್ಲಲಿಲ್ಲ. ‘ಇವರಪ್ಪನೂ ಹಾಗೇ’ ಅಂದರು. ಪಾವಗಡ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಶನಿಮಹಾತ್ಮನ ಗುಡಿ. ಊರೂರಿಂದ ಜನ ಬರುವ ಗುಡಿ ಪಕ್ಕದಲ್ಲೇ ಇರುವಾಗ ನಾವು ಹೋಗದೆ ಇರುತ್ತೇವಾ? ಎಳ್ಳುದೀಪ ಹಚ್ಚಿದೆವು. ಒಬ್ಬ ಹಿರಿಯರು ‘ಇದು ಏಳರಾಟದ ಶನಿ, ಏಳೂವರೆ ವರ್ಷ ಕಾಯಬೇಕು, ಬಿಟ್ಟ ಮೇಲೆ ಓಡಾಡ್ತಾನೆ’ ಅಂತ ಸಮಾಧಾನ ಮಾಡಿದರು. ದೇವರ ಮೇಲೆ ನನಗೆ ಸಿಟ್ಟಿಲ್ಲ, ಆ ಹಿರಿಯರ ಮೇಲೂ ಇಲ್ಲ. ಆದರೆ ಮಗುವಿನ ಮೆದುಳು ಬೇಗ ಕಲಿಯುವುದು, ಬೇಗ ಬಾಗುವುದು ಮೊದಲ ಕೆಲವು ವರ್ಷಗಳಲ್ಲೇ ಎಂದು ಆವತ್ತು ಯಾರಾದರೂ ಹೇಳಿದ್ದರೆ ನಾನು ಎರಡೂವರೆ ವರ್ಷ ಸುಮ್ನೆ ಕಾಯುತ್ತಿರಲಿಲ್ಲ. ಕಾಯಿಲೆಯ ಹೆಸರು ನಮಗೆ ಗೊತ್ತಾದದ್ದು 2020ರ ಜನವರಿಯಲ್ಲಿ.

ಆ ಡಾಕ್ಟರ್ ಚೆನ್ನಾಗಿ ವಿವರಿಸಿದರು. ಮೆದುಳಿಗೆ ಆದ ಪೆಟ್ಟು ಆಗಿಹೋಗಿದೆ, ಅದು ಜಾಸ್ತಿಯಾಗುವುದಿಲ್ಲ. ಆದರೆ ಬೆಳೆಯುವ ಮಗುವಿನ ಮೂಳೆ ಉದ್ದವಾಗುತ್ತಾ ಹೋಗುತ್ತದೆ, ಬಿಗಿಯಾದ ಸ್ನಾಯು ಅದರ ಜೊತೆ ಅಷ್ಟೇ ಬೇಗ ಉದ್ದವಾಗುವುದಿಲ್ಲ. ದಿನಾ ಎಳೆಯದಿದ್ದರೆ, ನಿಲ್ಲಿಸದಿದ್ದರೆ, ಕೀಲು ಮಡಚಿದಂತೆಯೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಆಪರೇಷನ್ನೇ ಗತಿಯಾಗಬಹುದು. ನಾನು ಓದಿದ್ದು ಹತ್ತನೇ ಕ್ಲಾಸು, ಆದರೂ ಒಂದೇ ಸಲಕ್ಕೆ ಅರ್ಥವಾಯಿತು. ಬಟ್ಟೆ ತೊಳೆದಾಗ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಹಾಗೇ ಉಳಿದರೆ ರವಿಕೆ ಹೇಗೆ ಮುದುಡುತ್ತದೋ ಹಾಗೆ.

ಥೆರಪಿ ಅಂದರೆ ಇದು. ಒಂದು ಸಲ ಹಾಕಿಸಿಕೊಂಡು ಬರುವ ಇಂಜೆಕ್ಷನ್ ಅಲ್ಲ. ದಿನಾ ಮಾಡುವ ಅಡುಗೆ ಇದ್ದ ಹಾಗೆ. ದಿನಾ ಮಾಡಬೇಕಾದ ಕೆಲಸವನ್ನು 116 ಕಿಲೋಮೀಟರ್ ಆಚೆ ಇಟ್ಟರೆ ಹೇಗೆ ನಡೆಯುತ್ತದೆ ಹೇಳಿ.

ಕಾನೂನು ನಮ್ಮ ಪರವಾಗಿದೆ ಅಂತ ನನಗೆ ತಿಳಿದದ್ದೂ ಈಚೆಗೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. ಅದರ 25ನೇ ಸೆಕ್ಷನ್‌ನಲ್ಲಿ ಉಚಿತ ಆರೋಗ್ಯ ಸೇವೆ ‘ಸಮೀಪದಲ್ಲೇ’ ಸಿಗಬೇಕು, ಅದರಲ್ಲೂ ಹಳ್ಳಿಗಾಡಿನಲ್ಲಿ, ಎಂಬ ಮಾತಿದೆ. 31ನೇ ಸೆಕ್ಷನ್‌ನಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ‘ನೆರೆಹೊರೆಯ ಶಾಲೆ’ಯಲ್ಲಿ ಉಚಿತ ಶಿಕ್ಷಣ ಎಂದಿದೆ. ಎರಡೂ ಕಡೆ ಹತ್ತಿರ, ಹತ್ತಿರ ಅಂತಲೇ ಬರೆದಿದ್ದಾರೆ. ಬರೆದವರು ಪಾವಗಡದ ಮ್ಯಾಪ್ ನೋಡಿರಲಿಕ್ಕಿಲ್ಲ. ಸುತ್ತ ಆಂಧ್ರ, ಮಧ್ಯೆ ನಾವು. ನಮಗೆ ತುಮಕೂರಿಗಿಂತ ಹಿಂದೂಪುರ ಹತ್ತಿರ. ಅಲ್ಲಿನ ಖಾಸಗಿ ಥೆರಪಿಗೆ ಆರು ತಿಂಗಳು ಹೋಗಿದ್ದೆವು. ದುಡ್ಡು ಮುಗಿಯಿತು, ನಿಲ್ಲಿಸಿದೆವು. ಅಲ್ಲಿ ನಮ್ಮ ರಾಜ್ಯದ ಯಾವ ಸವಲತ್ತೂ ನಡೆಯುವುದಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಪ್ರತಿ ತಾಲ್ಲೂಕಿಗೂ ಒಬ್ಬ ಫಿಸಿಯೋ, ಒಬ್ಬ ಮಾತಿನ ಥೆರಪಿಸ್ಟ್, ದಿನನಿತ್ಯದ ಕೈಕೆಲಸ ಕಲಿಸುವ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಇಂಥ ತಂಡ ಇರಬೇಕಾದದ್ದು ಜಿಲ್ಲೆಗೊಂದು ಶೀಘ್ರ ಪತ್ತೆ ಕೇಂದ್ರದಲ್ಲಿ. ಸರಿ, ಒಪ್ಪುತ್ತೇನೆ. ಆದರೆ ಈ ಜಿಲ್ಲೆಯಲ್ಲಿ ಹತ್ತು ತಾಲ್ಲೂಕು. ಇಷ್ಟು ದೊಡ್ಡದನ್ನು ಒಬ್ಬರೇ ನೋಡಿಕೊಳ್ಳಲಾಗುವುದಿಲ್ಲ ಎಂದು ಶಿಕ್ಷಣ ಇಲಾಖೆಗೆ ಯಾವತ್ತೋ ಗೊತ್ತಾಗಿದೆ. ಅದಕ್ಕೇ ಮಧುಗಿರಿಯನ್ನು ಬೇರೆ ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ನಾಲ್ಕೂ ಅದರಲ್ಲಿವೆ. ಪಾಠಕ್ಕೆ ದೂರವಾದ ಊರು ಥೆರಪಿಗೆ ಮಾತ್ರ ಹತ್ತಿರ ಹೇಗಾಗುತ್ತದೆ?

ನನ್ನ ಮುಖ್ಯ ಕೋರಿಕೆ ಇಷ್ಟೇ. ಥೆರಪಿಸ್ಟರ ಒಂದು ತಂಡ ವಾರದಲ್ಲಿ ನಾಲ್ಕು ದಿನ ಈ ನಾಲ್ಕು ತಾಲ್ಲೂಕಿಗೆ ಬರಲಿ. ಒಂದು ದಿನ ಪಾವಗಡ, ಒಂದು ದಿನ ಶಿರಾ, ಹೀಗೆ. ಐದನೇ ದಿನ ಬೇಕಾದರೆ ಕೂತು ರಿಪೋರ್ಟ್ ಬರೆಯಲಿ. ಒಂದು ರೂಮು, ಎರಡು ಚಾಪೆ, ಗೋಡೆಗೊಂದು ಕಂಬಿ, ಒಂದು ಕನ್ನಡಿ ಸಾಕು. ದಿನ ಮಾತ್ರ ಬದಲಾಗಬಾರದು. ಸಂತೆ ಇದ್ದ ಹಾಗೆ, ‘ಗುರುವಾರ ಅಂದರೆ ಥೆರಪಿ’ ಅಂತ ಊರಿಗೆಲ್ಲ ಗೊತ್ತಿರಬೇಕು. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಸಾವಿರಾರು ಎಕರೆಯ ಬಿಸಿಲು ಕರೆಂಟಾಗಿ ಹೊರಗೆ ಹೋಗುತ್ತದೆ. ಅದನ್ನು ಕಟ್ಟಲು, ನೋಡಿಕೊಳ್ಳಲು ಎಂಜಿನಿಯರ್‌ಗಳು ಎಲ್ಲೆಲ್ಲಿಂದಲೋ ಬಂದರು. ಪಾವಗಡ ದೂರವಾಯ್ತು ಅಂತ ಯಾರೂ ಅನ್ನಲಿಲ್ಲ.

ಇದು ಆಗದ ಕೆಲಸ ಅಲ್ಲ ಅನ್ನುವುದಕ್ಕೆ ನನ್ನ ಬಳಿಯೇ ಸಾಕ್ಷಿ ಇದೆ. ಕಾಯಿಲೆ ಗೊತ್ತಾಗಿ ಎರಡು ತಿಂಗಳಿಗೆ ಲಾಕ್‌ಡೌನ್ ಬಂತು. ಬಸ್ಸಿಲ್ಲ, ಆಸ್ಪತ್ರೆಯಿಲ್ಲ. ಆಗ ಒಬ್ಬ ಫಿಸಿಯೋ ಮೇಡಂ, ಅವರ ಕೆಲಸವಲ್ಲದಿದ್ದರೂ, ವಾಟ್ಸಾಪ್ ವಿಡಿಯೋದಲ್ಲಿ ನನಗೆ ಪಾಠ ಮಾಡಿದರು. ‘ನಿಮ್ಮ ಮನೆಯಲ್ಲಿ ಏನಿದೆ ತೋರಿಸಿ’ ಅಂದರು. ಫೋನ್ ಹಿಡಿದು ಮನೆಯೆಲ್ಲ ತೋರಿಸಿದೆ. ಗೋಡೆ ಮೂಲೆಯಲ್ಲಿ ದಿಂಬಿಟ್ಟು ಕೂರಿಸುವುದು ಕಲಿತೆ. ಅವನು ಕಾಲನ್ನು ಹಿಂದಕ್ಕೆ ಎರಡೂ ಕಡೆ ಮಡಚಿ ಕಪ್ಪೆ ಥರ ಕೂರುತ್ತಿದ್ದ, ಅದನ್ನು ಬಿಡಿಸುವುದು ಕಲಿತೆ. ನೀರಿನ ಡ್ರಮ್ಮಿಗೆ ಒರಗಿಸಿ ನಿಲ್ಲಿಸುವುದು ಕಲಿತೆ. ಬೆರಳಿಗೆ ಕೆಲಸ ಕೊಡಲು ಮಣಿ ಪೋಣಿಸಿ ಅಂದರು. ಮಣಿ ಎಲ್ಲಿಂದ ತರಲಿ? ನಮ್ಮತ್ತೆ ಒಂದು ಮೊರ ಕಡಲೆಕಾಯಿ ಮುಂದಿಟ್ಟರು. ಹೆಬ್ಬೆರಳು, ತೋರುಬೆರಳು ಸೇರಿಸಿ ಸಿಪ್ಪೆ ಒಡೆಯಬೇಕು, ಒಳಗಿನ ಬೀಜ ಬಹುಮಾನ. ಮೂರು ತಿಂಗಳಲ್ಲಿ ಅವನು ಪೆನ್ಸಿಲ್ ಹಿಡಿದ. ಮುದ್ದೆ ಉಂಡೆ ಮಾಡುವುದೂ ಥೆರಪಿಯೇ ಅಂತ ಆ ಮೇಡಂ ಹೇಳಿದಾಗ ನಮ್ಮತ್ತೆಗೆ ನಗು ತಡೆಯಲಾಗಲಿಲ್ಲ.

ಹಾಗಾಗಿ ಥೆರಪಿಸ್ಟ್ ವಾರಕ್ಕೊಂದು ದಿನ ಬಂದು ಮಗುವಿಗಿಂತ ಜಾಸ್ತಿ ನಮಗೆ ಕಲಿಸಲಿ. ಉಳಿದ ಆರು ದಿನ ನಾವು ಮಾಡುತ್ತೇವೆ. ಮಧ್ಯೆ ಒಂದು ವಿಡಿಯೋ ಕಾಲ್. ಲಾಕ್‌ಡೌನ್‌ನಲ್ಲಿ ಒಬ್ಬರು ತಮ್ಮ ಫೋನಿನಿಂದ ಪುಕ್ಕಟೆಯಾಗಿ ಮಾಡಿದ್ದನ್ನು ಸರ್ಕಾರ ಸಂಬಳ ಕೊಟ್ಟು ಮಾಡಿಸಬಹುದು.

ಮಾತಿನ ವಿಷಯಕ್ಕೆ ಬರುತ್ತೇನೆ. ಇದು ಗಡಿಯವರಿಗೆ ಮಾತ್ರ ಅರ್ಥವಾಗುವ ಕಷ್ಟ. ನಮ್ಮ ಮನೆಮಾತು ತೆಲುಗು. ಶಾಲೆ ಕನ್ನಡ. ಮಗನಿಗೆ ಮಾತು ಬಾರದಿದ್ದಾಗ ನಾವು ಹೋದ ಒಂದು ಕಡೆ ‘ಎರಡು ಭಾಷೆ ಆಡಿ ಮಗುವಿನ ತಲೆ ಕೆಡಿಸಿದ್ದೀರಿ, ಮನೆಯಲ್ಲಿ ಬರೀ ಕನ್ನಡ ಮಾತಾಡಿ’ ಅಂದರು. ಒಂದು ವರ್ಷ ಹಾಗೇ ಮಾಡಿದೆವು. ಮನೆಯಲ್ಲಿ ನಮ್ಮತ್ತೆ ಮೊಮ್ಮಗನ ಜೊತೆ ಮಾತಾಡುವುದನ್ನೇ ಬಿಟ್ಟರು. ಅವರಿಗೆ ಬರುವುದು ತೆಲುಗು ಮಾತ್ರ. ಆಮೇಲೆ ಸಿಕ್ಕ ಮಾತಿನ ಥೆರಪಿಸ್ಟ್ ತಲೆ ಚಚ್ಚಿಕೊಂಡರು. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ, ಮನೆಯವರು ತಮಗೆ ಸಲೀಸಾದ ಭಾಷೆಯಲ್ಲಿ ಜಾಸ್ತಿ ಮಾತಾಡಿದಷ್ಟೂ ಮಗುವಿಗೆ ಒಳ್ಳೆಯದು ಅಂದರು. ಅದೇ ತಿಂಗಳು, ಬಸ್ಸು ಮಧುಗಿರಿ ಹತ್ತಿರ ಬಂದಾಗ, ಕಿಟಕಿಯಲ್ಲಿ ಏಕಶಿಲಾ ಬೆಟ್ಟ ಕಂಡು ಅವನು ಸ್ಪಷ್ಟವಾಗಿ ‘ಕೊಂಡ’ ಅಂದ. ಅಜ್ಜಿಯ ಮಾತು. ಈಗ ‘ಬೆಟ್ಟ’ ಅಂತಲೂ ಹೇಳುತ್ತಾನೆ, ಟೀಚರ್ ಮುಂದೆ. ಪಾವಗಡಕ್ಕೆ ಬರುವ ಥೆರಪಿಸ್ಟ್‌ಗೆ ಎರಡೂ ಭಾಷೆ ಬಂದರೆ ಒಳ್ಳೆಯದು. ಬಾರದಿದ್ದರೂ ಪರವಾಗಿಲ್ಲ, ಅಜ್ಜಿಯ ಬಾಯಿ ಮಾತ್ರ ಮುಚ್ಚಿಸದಿರಲಿ.

ಇನ್ನು ಸ್ಪ್ಲಿಂಟ್ ಕಥೆ. ಪಾದ ನೇರವಾಗಿ ನಿಲ್ಲಲು ಕಾಲಿಗೆ ಹಾಕುವ ಪ್ಲಾಸ್ಟಿಕ್ಕಿನದು. ಒಂದು ಶಿಬಿರದಲ್ಲಿ ಅವನ ಕಾಲಿನ ಅಳತೆ ತೆಗೆದುಕೊಂಡರು. ಸ್ಪ್ಲಿಂಟ್ ಬಂದದ್ದು ಹನ್ನೊಂದು ತಿಂಗಳಿಗೆ. ದೊಡ್ಡ ಶಾಮಿಯಾನ, ಶಾಲು, ಹಾರ, ಸ್ಟೇಜ್ ಮೇಲೆ ಕರೆದು ಮಗನ ಕೈಗೆ ಕೊಟ್ಟು ಫೋಟೋ ತೆಗೆದರು. ಮನೆಗೆ ಬಂದು ಹಾಕಿದರೆ ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ಮಕ್ಕಳು ಬೆಳೆಯುತ್ತಾರೆ ಸ್ವಾಮಿ. ನಾನು ಯೂನಿಫಾರ್ಮ್ ಹೊಲಿಯುವವಳು. ಜೂನ್‌ನಲ್ಲಿ ಅಳತೆ ತೆಗೆದು ಮುಂದಿನ ಮೇನಲ್ಲಿ ಕೊಟ್ಟರೆ ಗಿರಾಕಿ ಬಿಡುತ್ತಾರಾ? ಆ ಸ್ಪ್ಲಿಂಟ್ ಈಗಲೂ ಅಟ್ಟದ ಮೇಲಿದೆ, ಡಬ್ಬಿ ಸಮೇತ. ಅಳತೆ ತೆಗೆದು ಆರು ವಾರದೊಳಗೆ ಕೊಡುವ ವ್ಯವಸ್ಥೆ ಮಾಡಿ. ಸ್ಟೇಜ್ ಬೇಡ. ಪಟ್ಟಿ ಕಿತ್ತುಹೋದರೆ ತಾಲ್ಲೂಕಿನಲ್ಲೇ ರಿಪೇರಿ ಆಗಲಿ.

ಶಾಲೆ ಬಗ್ಗೆ ಬರೆಯಲು ಕೈ ಹಿಂಜರಿಯುತ್ತದೆ. ಅಲ್ಲಿನ ಟೀಚರ್ ನನ್ನ ಮಗನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂದರೆ ದೂರು ಅಂತ ಬರೆದರೆ ಪಾಪ ಸುತ್ತಿಕೊಳ್ಳುತ್ತದೆ. ಪೆನ್ಸಿಲ್ ಜಾರುತ್ತಿತ್ತು, ಅವರೇ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಟ್ಟರು. ಬೆಂಚಿನಲ್ಲಿ ಕೂತರೆ ಕಾಲು ನೆಲಕ್ಕೆ ತಾಗದೆ ಜೋತಾಡುತ್ತಿತ್ತು, ಬಡಗಿಯನ್ನು ಹಿಡಿದು ಕಾಲ ಕೆಳಗೆ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಕಾಲು ಗಟ್ಟಿಯಾಗಿ ಊರಿದ ಮೇಲೆ ಕೈಬರಹವೇ ಬದಲಾಯಿತು. ಕ್ಷೀರಭಾಗ್ಯದ ಹಾಲು ಲೋಟದಿಂದ ಚೆಲ್ಲುತ್ತದೆ ಅಂತ ಎರಡು ಹಿಡಿಯ ಕಪ್ ತಂದಿಟ್ಟಿದ್ದಾರೆ. ಇದನ್ನೆಲ್ಲ ಅವರಿಗೆ ಯಾರೂ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿಲ್ಲ.

ಆದರೆ ಅವರಿಂದ ಆಗದ ಒಂದು ಕೆಲಸವಿದೆ. ಶೌಚಾಲಯ. ಶಾಲೆಯ ಮುಂದೆ ರ‍್ಯಾಂಪ್ ಇದೆ, ಕಂಬಿಗೆ ಬಣ್ಣವೂ ಹೊಡೆದಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕಾದ ಇಳಿಜಾರು ಐದೇ ಅಡಿಯಲ್ಲಿ ಮುಗಿದಿದೆ, ಅದು ಜಾರುಬಂಡೆ. ಹೋಗಲಿ, ಟೀಚರ್ ಕೈ ಹಿಡಿದು ಹತ್ತಿಸುತ್ತಾರೆ. ಶೌಚಾಲಯಕ್ಕೆ ಮೂರು ಮೆಟ್ಟಿಲು, ಒಳಗೆ ಹಿಡಿಯಲು ಏನೂ ಇಲ್ಲ. ಕುಕ್ಕರುಗಾಲಲ್ಲಿ ಕೂರುವುದು ಅವನಿಂದ ಆಗದ ಕೆಲಸ. ಹಾಗಾಗಿ ನನ್ನ ಮಗ ಒಂದು ಉಪಾಯ ಕಂಡುಕೊಂಡ. ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯುವುದಿಲ್ಲ. ಪಾವಗಡದ ಬಿಸಿಲಲ್ಲಿ! ಬಾಟಲಿ ತುಂಬಿದಂತೆಯೇ ವಾಪಸ್ ಬರುತ್ತಿತ್ತು. ಮರೆತಿದ್ದಾನೆ ಅಂತ ಬೈದಿದ್ದೇನೆ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದ ಮೇಲೆ ವಿಷಯ ಗೊತ್ತಾಯಿತು. ಅದೇ 2016ರ ಕಾಯ್ದೆಯ 16ನೇ ಸೆಕ್ಷನ್ ಶಾಲೆಯ ಕಟ್ಟಡ ಮಾತ್ರವಲ್ಲ, ಎಲ್ಲ ಸೌಲಭ್ಯವೂ ಇಂಥ ಮಕ್ಕಳಿಗೆ ಎಟುಕುವಂತಿರಬೇಕು ಅನ್ನುತ್ತದೆ. ಒಂದು ಕಮೋಡ್, ಎರಡು ಕಂಬಿ, ಸರಿಯಾದ ಒಂದು ಇಳಿಜಾರು. ಗ್ರಾಮ ಪಂಚಾಯತಿಯಲ್ಲಿ ವಿಕಲಚೇತನರಿಗೆಂದು ಶೇಕಡಾ 5 ಮೀಸಲಿಡಬೇಕು ಅಂತ ನಿಯಮವೇ ಇದೆಯಲ್ಲ, ಅದರಲ್ಲೇ ಆಗುತ್ತದೆ. ಇಂಥ ಮಗು ಓದುತ್ತಿರುವ ಪ್ರತಿ ಶಾಲೆಗೂ ಮೊದಲು ಇದನ್ನು ಮಾಡಿಸಿ. ಮಿಕ್ಕದ್ದೆಲ್ಲ ಆಮೇಲೆ.

ವಿಶೇಷ ಶಿಕ್ಷಕರು, ಅಂದರೆ ನಾವು ಬಿಐಇಆರ್‌ಟಿ ಅನ್ನುವವರು, ಕಳೆದ ವರ್ಷ ನಮ್ಮ ಶಾಲೆಗೆ ನಾಲ್ಕು ಸಲ ಬಂದರು. ಬಂದಾಗಲೆಲ್ಲ ಒಳ್ಳೆಯ ಕೆಲಸ ಮಾಡಿದರು. ಬೈಕಿನಲ್ಲಿ ಊರೂರು ಸುತ್ತುವ ಆ ಮನುಷ್ಯನನ್ನು ನೋಡಿದರೆ ನನಗೇ ಅಯ್ಯೋ ಅನ್ನಿಸುತ್ತದೆ. ಪ್ರಾಥಮಿಕ ಶಾಲೆಯ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಅದನ್ನು ನಿಮ್ಮ ಒಂದು ಸಹಿಯಿಂದ ಜಾರಿ ಮಾಡಲಾಗದು, ರಾಜ್ಯ ಸರ್ಕಾರ ನೇಮಕ ಮಾಡಬೇಕು ಅಂತ ಗೊತ್ತು. ಇರುವ ಕೊರತೆಯನ್ನು ಲೆಕ್ಕ ಸಮೇತ ಬೆಂಗಳೂರಿಗೆ ಬರೆದು ತಿಳಿಸುವುದಾದರೂ ನಿಮ್ಮ ಕೈಯಲ್ಲಿದೆ.

ಕೊನೆಯದಾಗಿ ನನ್ನ ಪ್ಲಾಸ್ಟಿಕ್ ಕವರ್. ಅದರಲ್ಲಿ ಆಸ್ಪತ್ರೆ ಚೀಟಿ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡು, ಶಾಲೆಯ ಫಾರಂ, ಪಿಂಚಣಿ ಕಾಗದ, ತಾಯಿ ಕಾರ್ಡು ಎಲ್ಲ ಇದೆ. ಆರೋಗ್ಯ ಇಲಾಖೆಯವರು ಕೇಳುತ್ತಾರೆ, ಶಿಕ್ಷಣ ಇಲಾಖೆಯವರು ಕೇಳುತ್ತಾರೆ, ಅಂಗನವಾಡಿಯವರು ಕೇಳುತ್ತಾರೆ, ವಿಕಲಚೇತನರ ಇಲಾಖೆಯವರೂ ಕೇಳುತ್ತಾರೆ: ‘ಏನಾಯ್ತಮ್ಮ ಮಗುಗೆ? ಯಾವಾಗಿಂದ?’ ಹುಟ್ಟಿದಾಗ ಅಳಲಿಲ್ಲ ಅನ್ನುವಲ್ಲಿಂದ ಪ್ರತಿಸಲ ಶುರು ಮಾಡಬೇಕು, ಅವನ ಎದುರೇ. ಈಗ ಅವನಿಗೆ ಎಲ್ಲ ಅರ್ಥವಾಗುತ್ತದೆ. ಹೋದ ತಿಂಗಳು ನಾನು ಬಾಯಿ ತೆಗೆಯುವ ಮೊದಲೇ ಅವನೇ ‘ನಾನು ಅಳಲಿಲ್ಲ’ ಅಂತ ಡಾಕ್ಟರಿಗೆ ಹೇಳಿದ. ನಾಲ್ಕೂ ಇಲಾಖೆ ಬರೆಯುವಂಥ ಒಂದೇ ಪುಸ್ತಕ ಕೊಡಿ, ತಾಯಿ ಕಾರ್ಡ್ ಥರ. ಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಟೀಚರಿಗೆ ಗೊತ್ತಾಗಲಿ. ಅವನು ಶಾಲೆಯಲ್ಲಿ ಎಷ್ಟು ಹೊತ್ತು ನಿಂತ ಅಂತ ಥೆರಪಿಸ್ಟಿಗೆ ಗೊತ್ತಾಗಲಿ. ಅಂಗನವಾಡಿ, ಆಶಾ ಅಕ್ಕಂದಿರಿಗೆ ತಾಯಿ ಕಾರ್ಡಿನ ಆ ಚಿತ್ರದ ಪುಟ ತುಂಬುವುದನ್ನು ಕಡ್ಡಾಯ ಮಾಡಿ. ಲಸಿಕೆಯಷ್ಟೇ ಕಡ್ಡಾಯ. ಕೂರುವ ತಿಂಗಳಿಗೆ ಕೂರದ ಮಗುವನ್ನು ‘ಲೇಟು’ ಅನ್ನದೆ ಕಳಿಸಿಕೊಡಲಿ. ಕಳಿಸಿದ ಕಡೆ ಒಬ್ಬರು ಇರಲಿ.

ಪಾವಗಡದ ಕಡೆ ಬಂದಾಗ ಒಮ್ಮೆ ನಮ್ಮ ತಾಲ್ಲೂಕಿನ ಯಾವುದಾದರೂ ಶಾಲೆಯ ಶೌಚಾಲಯ ನೋಡಿ ಹೋಗಿ. ಬರುವ ಮೊದಲು ಫೋನ್ ಮಾತ್ರ ಮಾಡಬೇಡಿ. ಮಾಡಿದರೆ ಆವತ್ತೊಂದು ದಿನ ಮೆಟ್ಟಿಲ ಮೇಲೆ ಹಲಗೆ ಇಟ್ಟಿರುತ್ತಾರೆ.

ಇಂತಿ ನಮಸ್ಕಾರಗಳೊಂದಿಗೆ,
ಮೂರನೇ ಕ್ಲಾಸಿನ ಹುಡುಗನ ತಾಯಿ,
ಪಾವಗಡ ತಾಲ್ಲೂಕು